ಹೋಗುವಾಗ ಡ್ರೈವರ್, ಬರುವಾಗ ಯಾರು?

ಬ್ಲಾಗ್ ಕಡೆ ತಲೆ ಹಾಕದೆ ಮೂರು ತಿಂಗಳಾಯಿತು. ಕೆಲಸ ಜಾಸ್ತಿ ಇತ್ತು ಅಂತ ಹೇಳಬಹುದು, ಆದರೆ ನಿಜವಾದ ಕಾರಣ ಸೋಮಾರಿತನ :-) ಇವತ್ತು ಬರೆಯಲು ಕೂತದ್ದು ಸಿಟ್ಟಿನಿಂದ. ಅರ್ಧ ಸಿಟ್ಟು ಬೇರೆಯವರ ಮೇಲೆ, ಇನ್ನರ್ಧ ನನ್ನ ಮೇಲೆಯೇ. ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬರು ಲಾರಿ ಡ್ರೈವರ್ ಇದ್ದಾರೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಇಲ್ಲಿ ಬರೀ 'ಅಣ್ಣ'. ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಿಂದಲೂ ಮೀನಿನ ಗಾಡಿ ಓಡಿಸುತ್ತಿದ್ದಾರೆ. ಮಂಗಳೂರಿನ ದಕ್ಕೆಯಲ್ಲಿ ಬೆಳಿಗ್ಗೆ ಏಲಂ ಆದ ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ಐಸು ಹಾಕಿಸಿಕೊಂಡು ಸಂಜೆ ಹೊತ್ತಿಗೆ ಗಾಡಿ ಹತ್ತುತ್ತವೆ. ಬಿ.ಸಿ.ರೋಡು, ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಾಟಿ, ಸಕಲೇಶಪುರ, ಹಾಸನ.. ಮಾರನೇ ದಿನ ಬೆಳಕು ಹರಿಯುವ ಮೊದಲು ಬೆಂಗಳೂರಿನಲ್ಲಿ ಇಳಿಯಬೇಕು. ಸುಮಾರು 350 ಕಿಲೋಮೀಟರ್. ತಡವಾದರೆ ಐಸು ಕರಗುತ್ತದೆ, ಮೀನಿನ ರೇಟು ಬೀಳುತ್ತದೆ, ಬೈಗುಳ ಡ್ರೈವರಿಗೆ.

ಕಳೆದ ಭಾನುವಾರ ಅವರ ಮನೆಗೆ ಹೋದರೆ ಎಡಗೈಗೆ ಪ್ಲಾಸ್ಟರ್.

"ಎಂತಾಯ್ತು ಅಣ್ಣಾ?"

"ಎಂತ ಇಲ್ಲ ಮಾರಾಯ. ನೆಲ್ಯಾಡಿ ಹತ್ರ ಸಣ್ಣ ತೂಕಡಿಕೆ. ಕಣ್ಣು ಬಿಡುವಾಗ ಗಾಡಿ ಚರಂಡಿಯಲ್ಲಿತ್ತು."

"ಮೀನು ಇತ್ತಾ?"

"ಇಲ್ಲ, ಖಾಲಿ. ವಾಪಸ್ ಬರುವಾಗ."

ನನ್ನ ಪ್ರಶ್ನೆ ನೋಡಿದಿರಾ? ಕೈ ಮುರಿದ ಮನುಷ್ಯ ಎದುರಿಗೆ ಕೂತಿದ್ದಾರೆ, ನಾನು ಎರಡನೇ ಪ್ರಶ್ನೆ ಕೇಳಿದ್ದು ಮೀನಿನ ಬಗ್ಗೆ! ಆಮೇಲೆ ನಾಚಿಕೆಯಾಯಿತು. ಆದರೆ ಅವರ ಮಾಲೀಕರು ಕೇಳಿದ್ದೂ ಇದನ್ನೇ ಅಂತೆ. ಖಾಲಿ ಅಂತ ಗೊತ್ತಾದ ಮೇಲೆ ಅವರು ಹೇಳಿದ ಮಾತು ಇದು: "ಲೋಡಲ್ಲಿ ಇರುವಾಗ ಆಗಿದ್ರೆ ಏನಾದ್ರೂ ಮಾಡಬಹುದಿತ್ತು. ಇದು ಟ್ರಿಪ್ ಮುಗಿದ ಮೇಲೆ ಆದದ್ದಲ್ವಾ?" ಬಂಪರ್, ಹೆಡ್‌ಲೈಟ್ ರಿಪೇರಿಯ ಖರ್ಚನ್ನು ಕಂತಿನಲ್ಲಿ ಹಿಡಿಯುತ್ತಾರಂತೆ. ಕೈ ಸರಿಯಾಗುವವರೆಗೆ ಸಂಬಳದ ಮಾತೇ ಇಲ್ಲ.

ಟ್ರಿಪ್ ಮುಗಿದ ಮೇಲೆ! ಲಾರಿ ಇರುವುದು ನೆಲ್ಯಾಡಿಯಲ್ಲಿ, ಸ್ಟೇರಿಂಗ್ ಹಿಡಿದವರು ಅವರು, ಗಾಡಿ ಮಾಲೀಕರದ್ದು, ಸಂಜೆ ಐದಕ್ಕೆ ದಕ್ಕೆಯಲ್ಲಿ ಇರಬೇಕು ಅಂತ ಹೇಳಿದ್ದೂ ಮಾಲೀಕರೇ. ಆದರೂ ಟ್ರಿಪ್ ಮುಗಿದಿದೆ.

ಅಣ್ಣ ಮೊಬೈಲಿನಲ್ಲಿ ಆ ಟ್ರಿಪ್ಪಿನ ಲೆಕ್ಕ ತೋರಿಸಿದರು. ಹೀಗಿತ್ತು:

ಲೋಡ್ ಕಿಲೋಮೀಟರ್ 354, ದರ 6 ರೂ., ಮೊತ್ತ 2124 ರೂ.
ರಿಟರ್ನ್ ಕಿಲೋಮೀಟರ್ 354, ದರ 0 ರೂ., ಮೊತ್ತ 0 ರೂ.
ಬಾಟಾ 400 ರೂ.

"ಮೊದಲು ಹೀಗೆ ಇರಲಿಲ್ಲ" ಅಂದರು ಅಣ್ಣ. "ಟ್ರಿಪ್ಪಿಗೆ ಇಂತಿಷ್ಟು ಅಂತ ಇತ್ತು, ಹೋಗಿ ಬರುವುದೆಲ್ಲ ಸೇರಿ. ಮೊಬೈಲಲ್ಲಿ ಲೆಕ್ಕ ಬಂದ ಮೇಲೆ ಕಿಲೋಮೀಟರಿಗೆ ಆರು ರೂಪಾಯಿ ಅಂತ ಮಾಡಿದ್ರು. ಕೇಳ್ಲಿಕ್ಕೆ ಒಳ್ಳೇದೇ ಇತ್ತು."

ಕೇಳಲು ಚೆನ್ನಾಗಿಯೇ ಇದೆ. ಆದರೆ ಓಡಿಸಿದ್ದು 708 ಕಿಲೋಮೀಟರ್. 2124ನ್ನು 708ರಿಂದ ಭಾಗಿಸಿ ನೋಡಿ. ಮೂರು ರೂಪಾಯಿ. ಬಾಯಲ್ಲಿ ಆರು, ಕೈಯಲ್ಲಿ ಮೂರು.

ಈಗ ನನ್ನ ಮೇಲಿನ ಸಿಟ್ಟಿನ ವಿಷಯ.

ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನ ಕೈಗೆ ಬಂದ ಪ್ರಾಜೆಕ್ಟ್ ಒಂದು ಸಾಗಾಟ ಸಂಸ್ಥೆಯದ್ದು. ಡ್ರೈವರ್‌ಗಳ ಟ್ರಿಪ್ ಲೆಕ್ಕ ಹಾಕುವ ಮಾಡ್ಯೂಲ್ ನನ್ನದು. ಜಿ.ಪಿ.ಎಸ್.ನಿಂದ ಕಿಲೋಮೀಟರ್ ಬರುತ್ತದೆ, ಲೋಡ್ ಇದ್ದ ಭಾಗಕ್ಕೆ ದರದಿಂದ ಗುಣಿಸಬೇಕು, ಖಾಲಿ ಬಂದ ಭಾಗಕ್ಕೆ ಸೊನ್ನೆಯಿಂದ. ನಾನು ಒಂದು ಸಲ ಕೇಳಿದ್ದೆ, "ಸರ್, ಇದು ಯಾಕೆ ಸೊನ್ನೆ?" ಅಂತ. "ಲೋಡ್ ಇಲ್ವಲ್ಲ" ಅಂತ ಉತ್ತರ ಬಂತು. ಹೌದಲ್ವಾ ಅನ್ನಿಸಿತು. ಟಿಕೆಟ್ ಮುಚ್ಚಿದೆ. ರಿಲೀಸ್ ದಿನ ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು. ನನ್ನ ಕೋಡಿನಲ್ಲಿ ಒಂದೂ ಬಗ್ ಬರಲಿಲ್ಲ ಅಂತ ಮ್ಯಾನೇಜರ್ ಎಲ್ಲರೆದುರು ಹೊಗಳಿದರು.

ಅಣ್ಣನ ಮೊಬೈಲಿನಲ್ಲಿದ್ದದ್ದು ನಾನು ಬರೆದ ಪ್ರೋಗ್ರಾಮ್ ಅಲ್ಲ. ಸಂಸ್ಥೆ ಬೇರೆ, ಆಪ್ ಬೇರೆ. ಆದರೆ ಸೊನ್ನೆ ಅದೇ. ನನ್ನ ಸೊನ್ನೆ ಎಷ್ಟು ಜನ ಡ್ರೈವರ್‌ಗಳ ಮೊಬೈಲಿನಲ್ಲಿ ಕೂತಿದೆಯೋ ಏನೋ.

ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರಿಗೆ ನೆನಪಿರಬಹುದು. ಹೊರಟ ಜಾಗಕ್ಕೇ ವಾಪಸ್ ಬಂದರೆ ಸ್ಥಾನಪಲ್ಲಟ ಸೊನ್ನೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಮೂಟೆ ಹೊತ್ತು ತಿರುಗಿದರೂ ಪುಸ್ತಕದ ಪ್ರಕಾರ ಸೊನ್ನೆ. ಆಗ ನಾವು ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದೆವು. ಈಗ ಅದೇ ಸೂತ್ರದಲ್ಲಿ ಮನುಷ್ಯರಿಗೆ ಸಂಬಳ ಕೊಡುತ್ತಿದ್ದೇವೆ.

ಸರಿ, ವಾದಕ್ಕೆ ಬರೋಣ. "ಲೋಡ್ ಇಲ್ಲ, ಹಾಗಾಗಿ ದುಡ್ಡಿಲ್ಲ" ಅನ್ನುವುದು ಮೇಲ್ನೋಟಕ್ಕೆ ನ್ಯಾಯ ಅಂತ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು. ಯಾಕೆ ತಪ್ಪು ಅಂದರೆ..

ಸಿಮೆಂಟೋ ಕಬ್ಬಿಣವೋ ಸಾಗಿಸುವ ಲಾರಿ ಬೆಂಗಳೂರಿನಲ್ಲಿ ಇಳಿಸಿದ ಮೇಲೆ ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿನ ಎದುರು ಒಂದೋ ಎರಡೋ ದಿನ ಕಾಯಬಹುದು. ಮಂಗಳೂರಿಗೆ ಬರುವ ಲೋಡು ಸಿಕ್ಕರೆ ಹಾಕಿಕೊಂಡು ಬರಬಹುದು. ಅವಸರ ಇಲ್ಲ. ಮೀನಿನ ಗಾಡಿಗೆ ಆ ಭಾಗ್ಯ ಇಲ್ಲ. ಮಾರನೇ ಸಂಜೆ ಅದೇ ಗಾಡಿ ದಕ್ಕೆಯಲ್ಲಿ ನಿಂತಿರಬೇಕು, ಇನ್ನೊಬ್ಬ ಡ್ರೈವರ್ ಅದನ್ನು ಹತ್ತಬೇಕು. ಹಗಲಾದರೆ ಬೆಂಗಳೂರಿನೊಳಗೆ ದೊಡ್ಡ ಗಾಡಿಗಳ ಓಡಾಟಕ್ಕೆ ನಿರ್ಬಂಧ ಬೇರೆ. ಒಂದು ವೇಳೆ ಕಾದರೂ ಮೀನಿನ ನೀರು ಇಳಿದ, ಆ ವಾಸನೆ ಹಿಡಿದ ಪೆಟ್ಟಿಗೆಯೊಳಗೆ ಯಾರು ಅಕ್ಕಿ ತುಂಬುತ್ತಾರೆ? ಯಾರು ಬಟ್ಟೆ ತುಂಬುತ್ತಾರೆ? ಖಾಲಿ ಟ್ರೇಗಳೇ ಅದರ ರಿಟರ್ನ್ ಲೋಡು.

ಅಂದರೆ ಖಾಲಿ ಬರುವುದು ಡ್ರೈವರಿನ ದುರದೃಷ್ಟ ಅಲ್ಲ, ಅವನ ಸೋಮಾರಿತನವೂ ಅಲ್ಲ. ಅರ್ಜೆಂಟ್ ಸಾಗಾಟ ಅನ್ನುವ ವ್ಯಾಪಾರದ ಷರತ್ತೇ ಅದು. ಗಿರಾಕಿ ಕೊಂಡದ್ದು ವೇಗವನ್ನು. ಆ ವೇಗ ದಿನವೂ ಸಿಗಬೇಕಾದರೆ ಗಾಡಿ ಅಷ್ಟೇ ವೇಗವಾಗಿ ವಾಪಸ್ ಬರಬೇಕು. ಇವತ್ತಿನ ವಾಪಸ್ ಓಟ ಅಂದರೆ ನಾಳೆಯ ಟ್ರಿಪ್ಪಿನ ಮೊದಲರ್ಧ, ಅಷ್ಟೇ. ಅದಕ್ಕೆ ದುಡ್ಡು ಕೊಡದಿರುವುದು ಹೋಟೆಲಿನಲ್ಲಿ ಊಟ ಮಾಡಿ, ತಟ್ಟೆ ತೊಳೆಯುವವನಿಗೆ "ನೀನು ತೊಳೆಯುವಾಗ ತಟ್ಟೆಯಲ್ಲಿ ಅನ್ನ ಇರಲಿಲ್ಲ, ಸಂಬಳ ಇಲ್ಲ" ಅಂದ ಹಾಗೆ.

ಇನ್ನೊಂದು ತಮಾಷೆ ಕೇಳಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಆ ಮಳೆಗಾಲದಲ್ಲಿ ತಮಿಳುನಾಡಿನ ಮೀನು ಮಂಗಳೂರಿಗೆ ಬರುತ್ತದೆ. ಆಗ ಗಾಡಿ ಇಲ್ಲಿಂದ ಖಾಲಿ ಹೋಗಿ, ಅಲ್ಲಿಂದ ತುಂಬಿ ಬರುತ್ತದೆ. ಆಗ ಯಾವುದಕ್ಕೆ ದುಡ್ಡು? ಬರುವುದಕ್ಕೆ! ಹೋಗುವುದಕ್ಕೆ ಸೊನ್ನೆ. ಹತ್ತು ತಿಂಗಳು ವಾಪಸ್ ಬರುವುದು ಕೆಲಸ ಅಲ್ಲ, ಎರಡು ತಿಂಗಳು ಹೋಗುವುದು ಕೆಲಸ ಅಲ್ಲ. ಡ್ರೈವರ್ ಅದೇ, ರಸ್ತೆಯ ಹೊಂಡಗಳೂ ಅವೇ. ಮೀನು ಹಿಂದೆ ಕೂತಿದ್ದರೆ ಮಾತ್ರ ಅವನು ಮನುಷ್ಯ.

ಅಷ್ಟಕ್ಕೂ ರಿಟರ್ನ್ ಅಂದರೆ ಏನು ಅಂತ ಮಂಗಳೂರಿನವರಿಗೆ ಹೇಳಿಕೊಡಬೇಕಾ ಮಾರಾಯ್ರೆ? ರಾತ್ರಿ ಒಂಬತ್ತಕ್ಕೆ ರಿಕ್ಷಾ ನಿಲ್ಲಿಸಿ ಸ್ವಲ್ಪ ಹೊರಗಿನ ಜಾಗ ಹೇಳಿ ನೋಡಿ. "ಅಲ್ಲಿಂದ ರಿಟರ್ನ್ ಸಿಕ್ಕುದಿಲ್ಲ, ಅದೂ ಸೇರಿಸಿ ಕೊಡಿ" ಅಂತಾರೆ. ನಾವು ಗೊಣಗುತ್ತೇವೆ, ಆದರೆ ಮಾತು ಸುಳ್ಳು ಅಂತ ಯಾರೂ ಹೇಳುವುದಿಲ್ಲ. ಮದುವೆಗೆ ಅಂತ ಟೂರಿಸ್ಟ್ ಕಾರು ಮಾಡಿದರೆ? ಹೋಗುವ ಬರುವ ಕಿಲೋಮೀಟರ್ ಎರಡೂ ಸೇರಿಸಿಯೇ ಬಾಡಿಗೆ. ನೀವು ಧರ್ಮಸ್ಥಳದಲ್ಲಿ ಇಳಿದು ಉಳಿದುಕೊಂಡರೂ ಕಾರು ಮಂಗಳೂರಿಗೆ ಖಾಲಿ ಬರುವ ದುಡ್ಡು ನಿಮ್ಮದೇ.

ಟೋಲ್ ಗೇಟಿಗೂ ಇದು ಗೊತ್ತು. ಹೆದ್ದಾರಿ ಶುಲ್ಕದ 2008ರ ನಿಯಮಗಳಲ್ಲಿ 24 ಗಂಟೆಯೊಳಗೆ ವಾಪಸ್ ಬರುವ ಗಾಡಿಗೆ ಹೋಗಿ ಬರಲು ಒಟ್ಟು ಒಂದೂವರೆ ಪಟ್ಟು ಅಂತ ಬರೆದಿದೆ. ಬ್ರಹ್ಮರಕೂಟ್ಲಿನ ಗೇಟಿನಲ್ಲಿ ಖಾಲಿ ಲಾರಿ ಅಂತ ಯಾರೂ ಪುಕ್ಕಟೆ ಬಿಡುವುದಿಲ್ಲ. ಡೀಸೆಲ್ ಬಂಕಿನವರೂ ಬಿಡುವುದಿಲ್ಲ. ಖಾಲಿ ಗಾಡಿ ಸ್ವಲ್ಪ ಕಡಿಮೆ ಕುಡಿಯಬಹುದು, ಕುಡಿಯದೆ ಓಡುವುದಿಲ್ಲವಲ್ಲ. ಆ ಖರ್ಚನ್ನೆಲ್ಲ ಮಾಲೀಕರು ಎರಡೂ ಕಡೆಗೆ ಲೆಕ್ಕ ಹಿಡಿಯುತ್ತಾರೆ. ಟಯರು ಸವೆಯುವುದಕ್ಕೂ ಲೆಕ್ಕ ಉಂಟು. ಡ್ರೈವರ್ ಸವೆಯುವುದಕ್ಕೆ ಮಾತ್ರ ಇಲ್ಲ.

ಅದೇ ಶಿರಾಡಿ ಘಾಟಿಯಲ್ಲಿ ಅಣ್ಣನ ಮುಂದೆ ಹಿಂದೆ ಮಂಗಳೂರಿನಿಂದ ಹೊರಟ ಗ್ಯಾಸ್ ಟ್ಯಾಂಕರ್‌ಗಳು ಓಡುತ್ತವೆ. ಟ್ಯಾಂಕರಿನಲ್ಲೂ ವಾಪಸ್ ಬರುವಾಗ ಏನೂ ತುಂಬಲು ಆಗುವುದಿಲ್ಲ. ಹಾಗಾಗಿ ತೈಲ ಕಂಪನಿಗಳು ಸಾಗಾಟದ ಬಾಡಿಗೆ ಲೆಕ್ಕ ಹಾಕುವಾಗ ಹೋಗಿ ಬರುವ ಪೂರ್ತಿ ದೂರವನ್ನು ಹಿಡಿಯುತ್ತವೆ. ಆರ್.ಟಿ.ಕೆ.ಎಂ. ಅನ್ನುತ್ತಾರೆ, ರೌಂಡ್ ಟ್ರಿಪ್ ಕಿಲೋಮೀಟರ್. ಅಂದರೆ ಇದು ಸಾಧ್ಯವಿಲ್ಲದ ಲೆಕ್ಕ ಏನಲ್ಲ. ಅದೇ ರಸ್ತೆಯಲ್ಲಿ, ಅದೇ ತಿರುವಿನಲ್ಲಿ, ಒಂದು ಗಾಡಿಯ ಮಟ್ಟಿಗೆ ವಾಪಸ್ ಓಟ ಕೆಲಸ, ಇನ್ನೊಂದರ ಮಟ್ಟಿಗೆ ಅಲ್ಲ. (ಆ ಬಾಡಿಗೆ ಹೋಗುವುದು ಟ್ಯಾಂಕರ್ ಮಾಲೀಕರಿಗೆ. ಅದರಲ್ಲಿ ಡ್ರೈವರ್ ಕೈಗೆ ಎಷ್ಟು ಇಳಿಯುತ್ತದೆ ಅನ್ನುವುದು ಬೇರೆಯೇ ಜಗಳ.)

ಹೋಗಲಿ, ನನ್ನ ವಿಷಯವನ್ನೇ ತಗೊಳ್ಳಿ. ನನ್ನನ್ನು ಒಮ್ಮೆ ಆರು ವಾರಕ್ಕೆ ಆನ್‌ಸೈಟ್ ಕಳಿಸಿದ್ದರು. ಹೋಗುವ ಟಿಕೆಟ್ ಮಾತ್ರ ಕೊಟ್ಟು, "ಬರುವಾಗ ನಿನ್ನ ಹತ್ರ ಡೆಲಿವರಿ ಏನೂ ಇಲ್ವಲ್ಲ, ನೀನೇ ಬಾ" ಅಂದರಾ? ವಾಪಸ್ ವಿಮಾನದಲ್ಲಿ ನಾನು ಸಿನಿಮಾ ನೋಡಿಕೊಂಡು, ಕೊಟ್ಟದ್ದನ್ನೆಲ್ಲ ತಿಂದು, ನಿದ್ದೆ ಮಾಡಿಕೊಂಡು ಬಂದೆ. ಆ ದಿನಕ್ಕೂ ಸಂಬಳ ಬಂತು, ಭತ್ಯೆಯೂ ಬಂತು. ಅಣ್ಣ ನಿದ್ದೆ ಮಾಡಿದ್ದು ಎರಡು ಸೆಕೆಂಡು..

ಈಗ ಕಾನೂನು. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ದಾರಿಗೆ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54ರವರೆಗೆ ಹೋಗಬಹುದಿತ್ತು. ಐದು ಗಂಟೆ ಓಡಿಸಿದರೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಮುಖ್ಯವಾದ ಮಾತು ಏನೆಂದರೆ, ಆ ಕಾಯ್ದೆ 'ಕೆಲಸದ ಹೊತ್ತು' ಅಂದರೇನು ಅಂತ ಹೇಳುವಾಗ ಗಾಡಿ ಓಡುವ ಹೊತ್ತನ್ನು ಹಿಡಿಯಿತು. ಗಾಡಿಯಲ್ಲಿ ಸರಕು ಇದೆಯಾ ಇಲ್ಲವಾ ಅಂತ ಕೇಳಲಿಲ್ಲ. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಹಳೇ ಕಾಯ್ದೆ ಅವುಗಳಲ್ಲಿ ಸೇರಿಹೋಯಿತು. ಹಳೇ ಕಾಯ್ದೆ ಐದು ಜನಕ್ಕಿಂತ ಕಡಿಮೆ ಇರುವ ಸಂಸ್ಥೆಗೆ ಅನ್ವಯಿಸುತ್ತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಒಂದೋ ಎರಡೋ ಗಾಡಿ ಇಟ್ಟುಕೊಂಡ ಮಾಲೀಕರ ಡ್ರೈವರ್‌ಗಳು ಅದರ ಹೊರಗೇ ಉಳಿದರು.

ಅಣ್ಣನ ಲೆಕ್ಕಕ್ಕೆ ಬನ್ನಿ. ಸಂಜೆ 5ಕ್ಕೆ ಹೊರಟು ಬೆಳಗಿನ ಜಾವ ಮೂರೂವರೆಗೆ ತಲುಪಿದ್ದರು. ಅಲ್ಲಿಗೇ ಹತ್ತೂವರೆ ಗಂಟೆ. ಇಳಿಸುವುದು, ಟ್ರೇ ಎಣಿಸುವುದು, ಚೀಟಿ ತೆಗೆದುಕೊಳ್ಳುವುದು ಮುಗಿದಾಗ ಆರು ಗಂಟೆ. ಒಂದು ಗಂಟೆ ಸೀಟಿನಲ್ಲೇ ಒರಗಿ, ಏಳಕ್ಕೆ ವಾಪಸ್ ಹೊರಟದ್ದು. ಸಂಜೆ 5ಕ್ಕೆ ದಕ್ಕೆ. ಇದರಲ್ಲಿ ವಿಶ್ರಾಂತಿ ಯಾವಾಗ? ಮಲಗಿದರೆ ತಡ, ತಡವಾದರೆ ಮುಂದಿನ ಲೋಡು ತಪ್ಪುತ್ತದೆ. ಮಲಗದೆ ಓಡಿಸಿದರೂ ಆ ಗಂಟೆಗಳಿಗೆ ದುಡ್ಡಿಲ್ಲ. ದುಡ್ಡಿಲ್ಲದ ಗಂಟೆಯನ್ನು ಯಾರಾದರೂ ನಿಧಾನವಾಗಿ ಕಳೆಯುತ್ತಾರಾ? ಬೇಗ ಮುಗಿಸೋಣ ಅಂತಲೇ ಅನ್ನಿಸುತ್ತದೆ. ಘಾಟಿಯಲ್ಲಿ ನಿಮ್ಮ ಕಾರನ್ನು ಹಿಂದೆ ಹಾಕಿ ಗಡಗಡ ಸದ್ದು ಮಾಡಿಕೊಂಡು ಹೋಗುವ ಖಾಲಿ ಲಾರಿಯನ್ನು ನೀವು ಬೈದಿರಬಹುದು. ನಾನೂ ಬೈದಿದ್ದೇನೆ. ಇನ್ನು ಮುಂದೆ ಬೈಯುವಾಗ ಆ ಸೊನ್ನೆಯನ್ನೂ ಸೇರಿಸಿ ಬೈಯಿರಿ.

ಘಾಟಿ ಮುಚ್ಚಿದರೆ ಕೇಳುವುದೇ ಬೇಡ. 2018ರಲ್ಲಿ ಕಾಂಕ್ರೀಟ್ ಹಾಕಲು ಶಿರಾಡಿ ತಿಂಗಳುಗಟ್ಟಲೆ ಬಂದ್ ಆಗಿತ್ತು. ತೆರೆದು ಒಂದು ತಿಂಗಳಲ್ಲೇ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಬಂದ್. 2024ರ ಜುಲೈಯಲ್ಲೂ ಕುಸಿತ. ಸುತ್ತು ಹಾಕಿ ಬಂದರೆ ಕಿಲೋಮೀಟರ್ ಜಾಸ್ತಿ, ಗಂಟೆಯೂ ಜಾಸ್ತಿ. ಲೋಡಿನಲ್ಲಿ ಸುತ್ತು ಹಾಕಿದರೆ ಏನೋ ಕೊಡುತ್ತಾರೆ. ಖಾಲಿಯಲ್ಲಿ ಸುತ್ತು ಹಾಕಿದರೆ? ಎಷ್ಟು ಕಿಲೋಮೀಟರ್ ಆದರೂ ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ.

ಈಗ ನನಗೆ ಅತ್ಯಂತ ಸಿಟ್ಟು ತರಿಸಿದ ವಿಷಯ. ಕೆಲಸದ ವೇಳೆ ಅಪಘಾತವಾದರೆ ಪರಿಹಾರ ಕೊಡಬೇಕು ಅಂತ 1923ರಿಂದಲೇ ಕಾಯ್ದೆ ಇತ್ತು. ಈಗ ಅದು ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿದೆ. ಅಲ್ಲಿ ಕೇಳುವ ಪ್ರಶ್ನೆ ಅಪಘಾತ ಆದದ್ದು ಉದ್ಯೋಗದ ಕಾರಣದಿಂದಲೇ, ಉದ್ಯೋಗದ ವೇಳೆಯಲ್ಲೇ ಅಂತ ಮಾತ್ರ. ಗಾಡಿ ತುಂಬಿತ್ತಾ ಅನ್ನುವ ಪ್ರಶ್ನೆ ಅಲ್ಲಿಲ್ಲ. ಮಾಲೀಕರ ಗಾಡಿಯನ್ನು ಮಾಲೀಕರ ಜಾಗಕ್ಕೆ ವಾಪಸ್ ತರುವುದು ಉದ್ಯೋಗವೇ. ಅಂದರೆ ವಾಪಸ್ ಬರುವಾಗ ಡ್ರೈವರ್ ಸತ್ತರೆ ಅವನು ಕೆಲಸದಲ್ಲಿದ್ದ ಅಂತ ಹೆಂಡತಿ ಮಕ್ಕಳು ಪರಿಹಾರ ಕೇಳಬಹುದು. ಬದುಕಿ ಮನೆಗೆ ಬಂದರೆ ಕೆಲಸದಲ್ಲಿ ಇರಲಿಲ್ಲ, ಸೊನ್ನೆ! ಸತ್ತರೆ ಕೆಲಸ, ಬದುಕಿದರೆ ಅಲ್ಲ. ಇದಕ್ಕಿಂತ ಕೆಟ್ಟ ಲಾಜಿಕ್ ನಾನು ಯಾವ ಕೋಡಿನಲ್ಲೂ ನೋಡಿಲ್ಲ.

ಇದನ್ನು ಅಣ್ಣನಿಗೆ ಹೇಳಿದೆ, ಪರಿಹಾರಕ್ಕೆ ಅರ್ಜಿ ಹಾಕೋಣ ಅಂದೆ. "ಆಮೇಲೆ ನಾನು ಯಾರ ಗಾಡಿ ಓಡಿಸುದು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದನ್ನು ಓದಿ ನೀವು ಹೇಳಬಹುದಾದ ಮಾತುಗಳು ನನಗೆ ಗೊತ್ತು, ಯಾಕೆಂದರೆ ಆಫೀಸಿನಲ್ಲಿ ಈ ವಾರ ಎಲ್ಲವನ್ನೂ ಕೇಳಿ ಆಗಿದೆ.

ಒಂದು: "ಆರು ರೂಪಾಯಿಯಲ್ಲಿ ರಿಟರ್ನೂ ಸೇರಿದೆ." ಸೇರಿದ್ದರೆ ಹಾಗೇ ಬರೆಯಿರಿ. ಹೋಗುವುದಕ್ಕೆ ಮೂರು, ಬರುವುದಕ್ಕೆ ಮೂರು ಅಂತ ಹಾಕಿ. ಯಾಕೆ ಹಾಕುವುದಿಲ್ಲ? ಹಾಕಿದರೆ ದರ ಎಷ್ಟು ಕಡಿಮೆ ಅಂತ ಕಾಣುತ್ತದೆ. ಇನ್ನೊಂದು, ಬರುವುದಕ್ಕೂ ದುಡ್ಡು ಅಂತಾದರೆ ನೆಲ್ಯಾಡಿಯಲ್ಲಿ ಕೈ ಮುರಿದಾಗ "ಟ್ರಿಪ್ ಮುಗಿದಿತ್ತು" ಅಂತ ಹೇಳಲು ಆಗುವುದಿಲ್ಲ.

ಎರಡು: "ಮೀನು ದುಬಾರಿಯಾಗುತ್ತದೆ." ಎಷ್ಟು? ಗಾಡಿಯಲ್ಲಿ ಆರು ಟನ್ ಮೀನು ಅಂತ ಇಟ್ಟುಕೊಳ್ಳಿ. ವಾಪಸ್ ಓಟಕ್ಕೂ ಆರು ರೂಪಾಯಿಯಂತೆ ಪೂರ್ತಿ 2124 ರೂಪಾಯಿ ಕೊಟ್ಟರೂ ಕಿಲೋಗೆ 36 ಪೈಸೆ ಕೂಡ ಆಗುವುದಿಲ್ಲ. ಅಂಜಲ್ ಕೊಳ್ಳುವಾಗ ಐವತ್ತು ರೂಪಾಯಿ ಹೆಚ್ಚು ಕಮ್ಮಿಗೆ ತಲೆ ಕೆಡಿಸಿಕೊಳ್ಳದವರು ನಾವು. 36 ಪೈಸೆಗೆ ಒಬ್ಬ ಮನುಷ್ಯನ ಅರ್ಧ ದಿನವನ್ನು ಪುಕ್ಕಟೆ ತೆಗೆದುಕೊಳ್ಳಬೇಕಾ?

ಮೂರು: "ಮಾಲೀಕರಿಗೂ ಕಷ್ಟ ಉಂಟು." ಖಂಡಿತ ಉಂಟು. ಡೀಸೆಲ್, ಟೋಲು, ವಿಮೆ, ಬ್ಯಾಂಕಿನ ಕಂತು. 2018ರ ಜುಲೈಯಲ್ಲಿ ಲಾರಿ ಮಾಲೀಕರು ದೇಶದಾದ್ಯಂತ ಎಂಟು ದಿನ ಮುಷ್ಕರ ಮಾಡಿದ್ದು ಇದಕ್ಕೇ. ಅವರಿಗೂ ಗಿರಾಕಿಯಿಂದ ಸಿಗುವುದು ಒಂದು ಕಡೆಯ ಬಾಡಿಗೆಯೇ ಇರಬಹುದು. ಹಾಗಿದ್ದರೆ ಗಿರಾಕಿಯನ್ನು ಕೇಳಬೇಕು, ಡ್ರೈವರಿನ ಜೇಬಿನಿಂದ ತುಂಬಿಸಿಕೊಳ್ಳುವುದಲ್ಲ. ಮೇಲಿನವನು ಕೆಳಗಿನವನ ಮೇಲೆ ಹಾಕಿ, ಅವನು ಇನ್ನೂ ಕೆಳಗಿನವನ ಮೇಲೆ ಹಾಕಿ.. ಕೊನೆಯಲ್ಲಿ ಇರುವವನ ಕೆಳಗೆ ಚರಂಡಿ ಮಾತ್ರ ಇರುವುದು.

ನಾಲ್ಕು: "ಇದು ಮಾರ್ಕೆಟ್. ನೀವು ಕೊಟ್ಟರೆ ಪಕ್ಕದವನು ಕೊಡದೆ ಕಡಿಮೆ ಬಾಡಿಗೆಗೆ ಓಡಿಸುತ್ತಾನೆ." ಇದು ಮಾತ್ರ ನಿಜವಾದ ವಾದ, ಒಪ್ಪುತ್ತೇನೆ. ಒಬ್ಬ ಒಳ್ಳೆಯ ಮಾಲೀಕನಿಂದ ಆಗುವ ಕೆಲಸ ಅಲ್ಲ ಇದು. ಅದಕ್ಕೇ ಎಲ್ಲರಿಗೂ ಒಂದೇ ಕನಿಷ್ಠ ದರ ಬೇಕು ಅನ್ನುವುದು. 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಓದಿ ನೋಡಿ. ಸರಕು ಗಾಡಿಗಳ ಬಾಡಿಗೆಗೂ ಕನಿಷ್ಠ, ಗರಿಷ್ಠ ನಿಗದಿ ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ರಿಕ್ಷಾದ ಮೀಟರಿಗೆ ದರ ನಿಗದಿ ಮಾಡಲು ಆಗುತ್ತದೆ, ರಾತ್ರಿಗೆ ಒಂದೂವರೆ ಪಟ್ಟು ಅಂತ ಬರೆಯಲು ಆಗುತ್ತದೆ, ಅರ್ಜೆಂಟ್ ಸರಕಿನ ವಾಪಸ್ ಓಟಕ್ಕೆ ಒಂದು ಸಾಲು ಬರೆಯಲು ಆಗುವುದಿಲ್ಲವಾ?

ಹೊರದೇಶಗಳಲ್ಲೂ ಇದು ಬಗೆಹರಿದ ವಿಷಯವೇನಲ್ಲ. ಅಮೆರಿಕದಲ್ಲಿ ಈ ಖಾಲಿ ಓಟಕ್ಕೆ 'ಡೆಡ್‌ಹೆಡ್' ಅಂತ ಹೆಸರೇ ಇದೆ, ಅದಕ್ಕೆ ದುಡ್ಡು ಕೊಡುವ ವಿಷಯದಲ್ಲಿ ಅಲ್ಲಿಯ ಡ್ರೈವರ್‌ಗಳಿಗೂ ಇದೇ ಜಗಳ. ಆಸ್ಟ್ರೇಲಿಯಾದಲ್ಲಿ ರಸ್ತೆ ಸುರಕ್ಷತೆಗೂ ಡ್ರೈವರ್ ಸಂಬಳಕ್ಕೂ ನಂಟಿದೆ ಅಂತ ಒಪ್ಪಿ 2012ರಲ್ಲಿ ಒಂದು ನ್ಯಾಯಮಂಡಳಿ ಮಾಡಿದರು, 2016ರಲ್ಲಿ ರದ್ದು ಮಾಡಿದರು. ದಕ್ಷಿಣ ಕೊರಿಯಾದಲ್ಲಿ ಕಂಟೇನರ್ ಮತ್ತು ಸಿಮೆಂಟ್ ಲಾರಿಗಳಿಗೆ 2020ರಿಂದ 2022ರವರೆಗೆ 'ಸುರಕ್ಷಿತ ದರ' ಅಂತ ಕನಿಷ್ಠ ಬಾಡಿಗೆ ಇತ್ತು. ಅದನ್ನು ಉಳಿಸಿಕೊಳ್ಳಲು 2022ರಲ್ಲಿ ಡ್ರೈವರ್‌ಗಳು ಎರಡು ಸಲ ಮುಷ್ಕರ ಹೂಡಿದರು. ಎಲ್ಲಿಯೂ ಸುಲಭವಾಗಿ ಸಿಕ್ಕಿಲ್ಲ. ಆದರೆ ಸಂಬಳ ಕಡಿಮೆಯಾದರೆ ನಿದ್ದೆ ಕಡಿಮೆಯಾಗುತ್ತದೆ, ನಿದ್ದೆ ಕಡಿಮೆಯಾದರೆ ಗಾಡಿ ಚರಂಡಿಗೆ ಹೋಗುತ್ತದೆ ಅನ್ನುವುದನ್ನಾದರೂ ಅಲ್ಲಿ ಸರ್ಕಾರದ ಕಾಗದದಲ್ಲಿ ಬರೆದಿದ್ದರು.

ನಮ್ಮಲ್ಲಿ? ಡ್ರೈವರ್‌ಗಳ ಸುಖಕ್ಕೆ ಅಂತ 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಮಾಡಿದರು. ಒಳ್ಳೆಯದೇ, ಬೇಕಿತ್ತು. ಅಪಘಾತ ಮಾಡಿ ಓಡಿಹೋಗುವ ಡ್ರೈವರಿಗೆ ಹತ್ತು ವರ್ಷದವರೆಗೆ ಜೈಲು ಅಂತ ಹೊಸ ನ್ಯಾಯ ಸಂಹಿತೆಯಲ್ಲಿ ಬರೆದರು. 2024ರ ಜನವರಿಯಲ್ಲಿ ಡ್ರೈವರ್‌ಗಳು ಬೀದಿಗಿಳಿದ ಮೇಲೆ, ಆ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಯಾದಾಗ ಅದೊಂದು ಭಾಗವನ್ನು ಮಾತ್ರ ತಡೆಹಿಡಿದರು. ಡ್ರೈವರ್ ಯಾಕೆ ಅವಸರದಲ್ಲಿದ್ದ ಅಂತ ಮಾತ್ರ ಯಾರೂ ಕೇಳಿಲ್ಲ. ಅವಸರ ನಮ್ಮದು, ಅಪರಾಧ ಅವನದು.

ನಾನು ಕೇಳುವುದು ಇಷ್ಟೇ. ಡ್ರೈವರಿನ ಲೆಕ್ಕ ದಕ್ಕೆಯಿಂದ ದಕ್ಕೆಗೆ ಇರಲಿ, ದಕ್ಕೆಯಿಂದ ಮಾರ್ಕೆಟ್ಟಿಗೆ ಅಲ್ಲ. ಅರ್ಜೆಂಟ್ ಸರಕಿನ ಬಿಲ್ಲಿನಲ್ಲಿ ವಾಪಸ್ ಓಟದ ದುಡ್ಡು ಬೇರೆ ಸಾಲಿನಲ್ಲಿ ಕಾಣಲಿ, ಅದರಲ್ಲಿ ಡ್ರೈವರಿನ ಪಾಲು ಎಷ್ಟು ಅಂತಲೂ ಕಾಣಲಿ. ಸರ್ಕಾರ ಕನಿಷ್ಠ ದರ ನಿಗದಿ ಮಾಡಲಿ. ನಾಲ್ಕನೆಯದು ನನ್ನಂಥವರಿಗೆ: ಯಾರಾದರೂ ಕೈಗೆ ಸ್ಪೆಕ್ ಕೊಟ್ಟು "ಇಲ್ಲಿ ಸೊನ್ನೆ ಹಾಕು" ಅಂದರೆ, ಆ ಸೊನ್ನೆಯ ಆ ಕಡೆ ಯಾರು ಕೂತಿದ್ದಾರೆ ಅಂತ ಒಂದು ಸಲ ಕೇಳಿ. "ಕ್ಲೈಂಟ್ ಹೇಳಿದ್ದು, ನಾನು ಬರೆದದ್ದು" ಅಂದರೆ ಮುಗಿಯುವುದಿಲ್ಲ. ನಾನು ಹಾಗೆ ಹೇಳಿಕೊಂಡು ಐದು ವರ್ಷ ನೆಮ್ಮದಿಯಿಂದ ಇದ್ದೆ.

ಈಗ ನಾನು ಮಂಗಳೂರಿನಲ್ಲೇ ಬೇರೆ ಕಂಪನಿಯಲ್ಲಿದ್ದೇನೆ. ಇಲ್ಲೂ ಒಂದು ಸಾಗಾಟದ ಪ್ರಾಜೆಕ್ಟ್ ಬಂದಿದೆ, ಡ್ರೈವರ್ ಲೆಕ್ಕದ ಭಾಗ ಮತ್ತೆ ನನ್ನ ತಲೆಗೇ ಬಿದ್ದಿದೆ. ಈ ವಾರ ನಾನು ಒಂದು ಸಣ್ಣ ಕೆಲಸ ಮಾಡಿದೆ. ರಿಟರ್ನ್ ದರ ತುಂಬದೆ ಮುಂದೆ ಹೋಗಲು ಆಗದ ಹಾಗೆ ಮಾಡಿದೆ. ಸೊನ್ನೆ ಹಾಕಬಹುದು, ಆದರೆ ಯಾಕೆ ಸೊನ್ನೆ ಅಂತ ಕಾರಣ ಟೈಪ್ ಮಾಡಬೇಕು, ಆ ಕಾರಣ ಡ್ರೈವರಿನ ಮೊಬೈಲಿನಲ್ಲೂ ಕಾಣುತ್ತದೆ. ಡೆಮೋದಲ್ಲಿ ಮ್ಯಾನೇಜರ್ ಮುಖ ಸಣ್ಣದಾಯಿತು. "ಕ್ಲೈಂಟ್ ಇದನ್ನು ಕೇಳಿಲ್ಲ, ತೆಗಿ" ಅಂದರು. ನಾನು ತೆಗೆಯುವುದಿಲ್ಲ, ಕ್ಲೈಂಟಿಗೆ ಒಂದು ಸಲ ತೋರಿಸೋಣ ಅಂದೆ. ಗುರುವಾರ ಮೀಟಿಂಗ್. ಏನಾಗುತ್ತದೋ ಗೊತ್ತಿಲ್ಲ.

ಅಣ್ಣನಿಗೆ ಇದನ್ನು ಹೇಳಿದರೆ ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಗಾಬರಿಯಾದರು.

"ನೀನು ಸುಮ್ನೆ ಕೆಲಸ ಕಳ್ಕೊಳ್ಬೇಡ ಮಾರಾಯ. ನಮ್ಮದು ಹೇಗೂ ನಡೀತದೆ."

ಹೇಗೆ ನಡೆಯುತ್ತದೆ ಅಂತ ಅವರ ಪ್ಲಾಸ್ಟರ್ ನೋಡಿದರೆ ಗೊತ್ತಾಗುತ್ತದೆ. ಮುಂದಿನ ತಿಂಗಳು ಅದನ್ನು ತೆಗೆಯುತ್ತಾರಂತೆ. ತೆಗೆದ ವಾರವೇ ಗಾಡಿ ಹತ್ತುತ್ತಾರಂತೆ, ಬಂಪರಿನ ಕಂತು ಬಾಕಿ ಇದೆಯಲ್ಲ.

ಓದಿದವರಲ್ಲಿ ಟ್ರಾನ್ಸ್‌ಪೋರ್ಟ್ ಕೆಲಸದವರು, ಗಾಡಿ ಇಟ್ಟುಕೊಂಡವರು, ಡ್ರೈವರ್‌ಗಳ ಮನೆಯವರು ಇದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ನಿಮ್ಮಲ್ಲಿ ವಾಪಸ್ ಓಟಕ್ಕೆ ಹೇಗೆ ಲೆಕ್ಕ? ನಾನು ಎಲ್ಲಾದರೂ ತಪ್ಪು ಹೇಳಿದ್ದರೆ ಅದನ್ನೂ ಹೇಳಿ, ತಿದ್ದಿಕೊಳ್ಳುತ್ತೇನೆ. ಗುರುವಾರದ ಮೀಟಿಂಗಿಗೆ ಬೇಕು.